ಮಜ್ಜಿಗೆ ಕೊಟ್ಟು ಕಳಿಸಿದವರ ಶಿಬಿರ

ನಮ್ಮ ಮನೆಯಲ್ಲಿ ತೆಳ್ಳಗಿದ್ದದ್ದು ಗೋಡೆ ಗಡಿಯಾರದ ಮುಳ್ಳು ಮಾತ್ರ. ಉಳಿದಂತೆ ಅಪ್ಪ, ಅಮ್ಮ, ಅತ್ತೆ, ನಾನು, ನಾಲ್ವರೂ ಧಾರಾಳ. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಜಟಕಾದವರು ದೂರದಿಂದಲೇ ನಮ್ಮನ್ನು ಕಂಡು, ಕುದುರೆಗೆ ಹುಲ್ಲು ಹಾಕುವ ನೆಪದಲ್ಲಿ ಅತ್ತ ತಿರುಗಿಬಿಡುತ್ತಿದ್ದರು. ಹತ್ತಿಸಿಕೊಂಡರೂ ಯಾರು ಮುಂದೆ, ಯಾರು ಹಿಂದೆ ಎಂದು ಅವರೇ ಕೂರಿಸುತ್ತಿದ್ದರು, ನಮ್ಮನ್ನು ಕೇಳುತ್ತಿರಲಿಲ್ಲ. ಇದರಿಂದ ನಮಗೇನೂ ಬೇಸರವಿರಲಿಲ್ಲ. ದಪ್ಪಗಿರುವುದು ಉಂಡು ಉಟ್ಟ ಮನೆಯವರ ಲಕ್ಷಣ ಎಂದು ಅತ್ತೆ ಹೇಳುತ್ತಿದ್ದಳು. ಬಾಯಲ್ಲಿ ಅವಳು ಮಾಡಿದ ಮುದ್ದೆ ಇಟ್ಟುಕೊಂಡವರು ಅವಳಿಗೆ ಎದುರಾಡುವುದಾದರೂ ಹೇಗೆ?

ಎಂಬತ್ತರ ದಶಕದ ನಡುವಿನ ಮಾತು. ನಾನು ಪಿಯುಸಿ ಓದುತ್ತಿದ್ದೆ. ಅಪ್ಪ ದಿನಾ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಕೆಜಿಎಫ್‌ನ ಕಾರ್ಖಾನೆಗೆ ಹೋಗಿ ಅಲ್ಲಿ ಕ್ರೇನ್ ನಡೆಸುತ್ತಿದ್ದ. ಶೆಡ್ಡಿನ ಸೂರಿಗೆ ತಾಗಿದಂತೆ ಹಳಿಗಳು, ಆ ಹಳಿಗಳ ಮೇಲೆ ಓಡಾಡುವ ಕ್ರೇನು, ಅದಕ್ಕೆ ನೇತುಬಿದ್ದ ಒಂದು ಗೂಡು. ಏಣಿ ಹತ್ತಿ ಆ ಗೂಡಿನೊಳಗೆ ಕೂತರೆ ಅಪ್ಪನಿಗೆ ಬೇರೆ ಲೋಕ ಬೇಕಿರಲಿಲ್ಲ. ಕೆಳಗೆ ಎಷ್ಟೇ ದೊಡ್ಡ ಸಾಹೇಬರು ಓಡಾಡಲಿ, ಅಲ್ಲಿಂದ ನೋಡಿದರೆ ಬರೀ ಬೋಳುತಲೆ ಎಂದು ನಗುತ್ತಿದ್ದ. ಟನ್ನುಗಟ್ಟಲೆ ಭಾರದ ಕಬ್ಬಿಣವನ್ನು ಎತ್ತಿ, ಯಾರಿಗೂ ತಾಗದಂತೆ ಒಯ್ದು, ಸದ್ದಾಗದಂತೆ ಇಳಿಸುವುದು ಅವನ ಹೆಮ್ಮೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅವನು ಸಪ್ಪೆ ಮುಖ ಮಾಡಿಕೊಂಡು ಬಂದ. ಕಾರ್ಖಾನೆಯ ಡಾಕ್ಟರು ಪರೀಕ್ಷೆ ಮಾಡಿದ್ದರಂತೆ. ಏಣಿ ಹತ್ತಿದರೆ ಏದುಸಿರು, ರಕ್ತದೊತ್ತಡ ಜಾಸ್ತಿ, ತೂಕ ವಿಪರೀತ. ದಸರಾ ಹೊತ್ತಿಗೆ ಇನ್ನೊಮ್ಮೆ ನೋಡುತ್ತಾರೆ. ಆಗಲೂ ಇಳಿಯದಿದ್ದರೆ ಕ್ರೇನಿನಿಂದ ತೆಗೆದು ಸ್ಟೋರ್ಸಿನಲ್ಲಿ ಕೂರಿಸಲು ಬರೆದುಕೊಡುತ್ತಾರೆ.

"ಆ ಡಾಕ್ಟ್ರು ಎಂಗಿದಾನೆ?" ಎಂದು ಅತ್ತೆ ಕೇಳಿದಳು.

"ಸಣ್ಣಕ್ಕಿದಾನೆ."

"ಅದ್ಕೇ ಒಟ್ಟೆಕಿಚ್ಚು. ಉಣ್ಣು ನೀನು."

"ತಮಾಸೆ ಅಲ್ಲಕ್ಕ. ನೆಲದ ಮೇಲೆ ಕೂತ್ಕಂಡು ಬೋಲ್ಟು ನಟ್ಟು ಎಣಿಸ್ತಾ ಇದ್ರೆ ನಾನು ಒಂದೇ ವರ್ಸಕ್ಕೆ ಮುದುಕ ಆಗೋಯ್ತೀನಿ."

ಹಾಗೆಂದವನೇ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದ. ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಮುದ್ದೆ ಉಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಡಾಕ್ಟರು ಹೇಳಿದ್ದಕ್ಕಿಂತ ಅದನ್ನು ನೋಡಿ ನಮಗೆಲ್ಲ ಹೆದರಿಕೆಯಾಯಿತು.

ಅತ್ತೆ ಎಂದರೆ ಅಪ್ಪನ ಅಕ್ಕ. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು ಇಬ್ಬರೂ. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ಸಾಕಿದವಳು ಅವಳು. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಳು. ಬಂದ ದಿನವೇ ಅಡುಗೆಮನೆ ಹಿಡಿದಳು, ಮತ್ತೆ ಬಿಟ್ಟುಕೊಡಲಿಲ್ಲ. ಅಮ್ಮನಿಗೂ ಅದರಿಂದ ಆರಾಮವೇ ಆಗಿತ್ತು.

ಮರುದಿನ ಅಮ್ಮ ತೀರ್ಮಾನ ಹೇಳಿದಳು. ಇಳಿಯುವುದಾದರೆ ಮನೆಮಂದಿಯೆಲ್ಲ ಒಟ್ಟಿಗೆ ಇಳಿಯಬೇಕು. "ಇವ್ರೊಬ್ರಿಗೇ ಬ್ಯಾರೆ ಅಡಿಗೆ ಮಾಡಿದ್ರೆ ಅದ್ನೂ ತಿಂದು, ನಮ್ದ್ನೂ ತಿಂತಾರೆ" ಎಂದಳು. ಅಪ್ಪ ಇಲ್ಲವೆನ್ನಲಿಲ್ಲ. ನನಗೆ ಮಾತ್ರ ಸಿಟ್ಟು ಬಂತು. ಕ್ರೇನು ಹತ್ತುವವನು ಅಪ್ಪ, ಇಡ್ಲಿ ಬಿಡಬೇಕಾದವಳು ನಾನು, ಇದು ಯಾವ ನ್ಯಾಯ?

ಬೊಜ್ಜು ಕರಗಿಸುವ ಶಿಬಿರಗಳು ಆಗ ನಮ್ಮ ಕಡೆ ಎರಡಿದ್ದವು. ಒಂದು ಬಂಗಾರಪೇಟೆಯಲ್ಲೇ ಇದ್ದ ಛತ್ರದಲ್ಲಿ. ಒಂದು ವಾರ ಅಲ್ಲೇ ಮಲಗುವುದು, ಅಲ್ಲೇ ಏಳುವುದು, ಬೂದುಗುಂಬಳದ ರಸ ಕುಡಿಯುವುದು. "ಕುಟುಂಬ ಸಮೇತ ಬನ್ನಿ, ಅರ್ಧವಾಗಿ ಹೋಗಿ" ಎಂದು ಅವರ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಇನ್ನೊಂದು ಕೆಜಿಎಫ್‌ನ ಊರಿಗಾಂನಲ್ಲಿ, ಬ್ರಿಟಿಷ್ ಗಣಿಯವರ ಕಾಲದ ಹಳೆಯ ಕಟ್ಟಡದಲ್ಲಿ. ಸಂಜೆ ಹೊತ್ತು, ಆಷಾಢ ಮಾಸವಿಡೀ. ನಡೆಸುವವರು ಒಬ್ಬರು ನಿವೃತ್ತ ಪಿ.ಟಿ. ಟೀಚರಮ್ಮ. ಈ ಶಿಬಿರದ ಕರಪತ್ರದಲ್ಲಿ ಯಾವ ಆಸೆಯನ್ನೂ ತೋರಿಸಿರಲಿಲ್ಲ, ಬರುವಾಗ ಒಂದು ಚಾಪೆ ತನ್ನಿ ಎಂದಷ್ಟೇ ಇತ್ತು. ಕಾಮಸಮುದ್ರದಿಂದ ಸೋದರಮಾವ ಕೂಡ ಹೇಳಿ ಕಳಿಸಿದ: ನಮ್ಮ ಹೊಲಕ್ಕೆ ಬಂದು ಕಳೆ ಕೀಳಿ, ತಾನಾಗೇ ಇಳಿಯುತ್ತೀರಿ. ಆಳು ಸಿಗದೆ ಅವನು ಒದ್ದಾಡುತ್ತಿದ್ದದ್ದು ಅಮ್ಮನಿಗೆ ಗೊತ್ತಿತ್ತು, ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಿತು.

ಅಪ್ಪನಿಗೆ ಬೂದುಗುಂಬಳವೇ ಹಿಡಿಸಿತು. ಒಂದೇ ವಾರದಲ್ಲಿ ಮುಗಿದುಹೋಗುತ್ತದಲ್ಲ. ಅತ್ತೆ ಅಡ್ಡ ಬಂದಳು.

"ಅಲ್ಲಿಗ್ ಓದೋರೆಲ್ಲ ಇಳೀತಾರೆ ಕಣ್ಲಾ. ಉಪವಾಸ ಕೆಡವಿದ್ರೆ ಎಮ್ಮೇನೂ ಇಳೀತೈತೆ. ಇಳಿದಿದ್ದು ಅಂಗೇ ಉಳ್ದೈತಾ, ಅದು ನೋಡ್ಬೇಕು."

ಶಿಬಿರ ನಡೆಸುವವರನ್ನು ಕೇಳಿದರೆ ಅವರು ಒಳ್ಳೆಯದನ್ನೇ ಹೇಳುತ್ತಾರೆ. ಹೋಗಿ ಬಂದವರನ್ನು ಕೇಳಿದರೆ ಅವರೂ ಮಾನಕ್ಕೆ ಅಂಜಿ ಒಳ್ಳೆಯದನ್ನೇ ಹೇಳುತ್ತಾರೆ. ಅದಕ್ಕೇ ಬಾಯನ್ನು ಕೇಳಬಾರದು, ರವಿಕೆಯನ್ನು ನೋಡಬೇಕು ಎಂಬುದು ಅತ್ತೆಯ ಸಿದ್ಧಾಂತ. ನಮ್ಮ ಕಡೆ ದರ್ಜಿಗಳು ರವಿಕೆಯ ಪಕ್ಕದಲ್ಲಿ ಒಂದಿಷ್ಟು ಬಟ್ಟೆಯನ್ನು ಒಳಗೆ ಮಡಿಸಿ ಬಿಟ್ಟಿರುತ್ತಾರೆ. ದಪ್ಪಗಾದರೆ ಹೊಲಿಗೆ ಬಿಚ್ಚುವುದು, ಸಣ್ಣಗಾದರೆ ಹಿಡಿಸುವುದು. ಬಿಚ್ಚಿದ ಕಡೆ ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಉಳಿಯುತ್ತವೆ, ಒಳಗಿದ್ದ ಬಟ್ಟೆ ಬಿಸಿಲು ಕಾಣದೆ ಗಾಢವಾಗಿರುತ್ತದೆ. ಹೆಂಗಸು ತೋಳೆತ್ತಿದಳೆಂದರೆ ಅತ್ತೆಗೆ ಅವಳ ಐದು ವರ್ಷದ ಚರಿತ್ರೆ ಗೊತ್ತಾಗುತ್ತಿತ್ತು. ಇದನ್ನು ಕೇಳಿ ಅಪ್ಪ ನಕ್ಕ, ಆದರೆ ಮುಂದಿನ ಭಾನುವಾರವೇ ನಾವು ಹೊರಟೆವು.

ಮೊದಲ ಮನೆ ನಮ್ಮದೇ ಪೇಟೆಯ ಹಿಂದಿನ ಬೀದಿಯದು. ಆಕೆ ಹಿಂದಿನ ವರ್ಷ ಛತ್ರದ ಶಿಬಿರಕ್ಕೆ ಹೋಗಿ ಬಂದ ತೆಲುಗಿನ ಹೆಂಗಸು. ರಸ ಕುಡಿದು ಕುಡಿದು ತಾನು ಹೇಗೆ ಕಡ್ಡಿಯಾಗಿದ್ದೆ ಎಂದು ವರ್ಣಿಸುತ್ತಲೇ ಚಿತ್ರಾನ್ನ ತಂದಳು, ಹಿಂದೆಯೇ ಬೋಂಡ ತಂದಳು, "ತಿನಂಡಿ, ತಿನಂಡಿ" ಎಂದು ಬಡಿಸಿದಳು. ಇಷ್ಟಕ್ಕೇ ಎದ್ದರೆ ಹೇಗೆ ಎಂದು ಊಟಕ್ಕೂ ಕೂರಿಸಿದಳು. ಮೇಲಿನ ಗೂಡಿನಿಂದ ಉಪ್ಪಿನಕಾಯಿ ಜಾಡಿ ತೆಗೆಯಲು ಆಕೆ ಕೈ ಎತ್ತಿದಾಗ ಅತ್ತೆ ಕಣ್ಣು ಕಿರಿದು ಮಾಡಿದಳು.

"ಎಲ್ಡು ಸಲ ಬಿಚ್ಚವ್ಳೆ," ಎಂದಳು ಬೀದಿಗೆ ಬಂದ ಮೇಲೆ. "ಈಗಿರೋದು ಕೊನೇ ಒಲಿಗೆ. ಬರೋ ದೀಪಾವಳಿಗೆ ಬಟ್ಟೆ ಸಾಲಲ್ಲ."

ಹೀಗೆ ಮನೆ ಮನೆ ಅಲೆದೆವು. ಚೈತ್ರ, ವೈಶಾಖ, ಮದುವೆಗಳ ಕಾಲ ಬೇರೆ. ಮದುವೆಮನೆಗಳಲ್ಲೂ ಅತ್ತೆಯ ತನಿಖೆ ನಡೆಯುತ್ತಿತ್ತು. ತೊಂದರೆ ಎಲ್ಲಿತ್ತೆಂದರೆ, ನಮ್ಮ ಕಡೆ ಯಾರ ಮನೆಗೆ ಹೋದರೂ ಉಣ್ಣದೆ ಬರುವಂತಿಲ್ಲ, ಮೊದಲ ಸಲ ಬೇಡವೆಂದದ್ದು ಲೆಕ್ಕಕ್ಕಿಲ್ಲ. ಮೊದಲ "ಬೇಡ" ಸಂಕೋಚಕ್ಕೆ. ಎರಡನೆಯದು ಉಪಚಾರಕ್ಕೆ. ಮೂರನೆಯದನ್ನು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು ಹೇಳಿದರೆ ನಂಬುತ್ತಾರೆ, ಅಷ್ಟರಲ್ಲಿ ಎರಡು ಸಲ ಬಡಿಸಿಯಾಗಿರುತ್ತದೆ. ದಪ್ಪಗಿನವರು ಬೇಡವೆಂದರಂತೂ ನಾಚಿಕೆಗೆ ಹೇಳುತ್ತಿದ್ದಾರೆಂದು ಇನ್ನೂ ಮರುಕಪಟ್ಟು ಹಾಕುತ್ತಾರೆ.

ಅಮ್ಮನಿಗೆ ಅನುಮಾನ ಬಂದು ಒಂದು ದಿನ ನಮ್ಮನ್ನೆಲ್ಲ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಕರೆದುಕೊಂಡು ಹೋಗಿ, ಮೂಟೆ ತೂಗುವ ಯಂತ್ರದ ಮೇಲೆ ಒಬ್ಬೊಬ್ಬರನ್ನಾಗಿ ಹತ್ತಿಸಿದಳು. ನಾಲ್ವರೂ ಏರಿದ್ದೆವು. ಶಿಬಿರ ಆರಿಸುವುದರಲ್ಲೇ ಅಪ್ಪ ಹೊಸದಾಗಿ ಒಂದು ಹೊಟ್ಟೆ ಮಾಡಿಕೊಂಡಿದ್ದ.

"ಉಡುಕೋದು ನಿಲ್ಸಿದ್ರೇ ಇಳಿದೋಯ್ತೀವಿ ಅನ್ಸುತ್ತೆ," ಎಂದು ಅವನು ನಗಲು ನೋಡಿದ. ಯಾರಿಗೂ ನಗು ಬರಲಿಲ್ಲ. ಆ ವಾರ ಏಣಿಯ ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಂಡು ಹತ್ತಿದ್ದನ್ನು ಅವನು ಅಮ್ಮನಿಗೆ ಮಾತ್ರ ಹೇಳಿದ್ದ, ಅಮ್ಮ ನನಗೆ ಹೇಳಿದ್ದಳು.

ಅಷ್ಟರಲ್ಲಿ ರೈಲಿನಲ್ಲಿ ಯಾರೋ ಅಪ್ಪನಿಗೆ ಸುದ್ದಿ ಕೊಟ್ಟರು. ಕೆಜಿಎಫ್ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಗಂಡ ಹೆಂಡತಿ ಇಬ್ಬರು ಛತ್ರದ ಶಿಬಿರಕ್ಕೆ ಹೋಗಿದ್ದರು, ಗಂಡ ಸಣ್ಣಗಾದವನು ಇವತ್ತಿಗೂ ಹಾಗೇ ಇದ್ದಾನೆ ಎಂದು. ಹೋದೆವು. ಗಣಿ ಕಾರ್ಮಿಕರ ಲೈನು ಮನೆ, ತಗ್ಗು ಬಾಗಿಲು, ನಾವು ಪಕ್ಕಕ್ಕೆ ತಿರುಗಿ ಒಳಗೆ ಹೋದೆವು. ಅವರು ಗಣಿಯಿಂದ ನಿವೃತ್ತರಾದ ತಮಿಳಿನವರು. ಪ್ಯಾಂಟಿನ ಸೊಂಟವನ್ನು ಹಿಂದೆ ದೊಡ್ಡದಾಗಿ ಮಡಿಸಿ ಹಿಡಿಸಿದ್ದರು, ಬೆಲ್ಟಿಗೆ ಹೊಸ ತೂತು ಕೊರೆದಿದ್ದರು. ಅತ್ತೆಯ ಮುಖ ಅರಳಿತು. ನಾನು ಮನಸ್ಸಿನಲ್ಲೇ ಬೂದುಗುಂಬಳಕ್ಕೆ ಶರಣಾದೆ.

"ಎಂಗೆ ಉಳಿಸ್ಕೊಂಡ್ರಿ, ಅಣ್ಣ?" ಎಂದು ಅತ್ತೆ ಕೇಳಿದಳು.

"ಕ್ಯಾಂಪಿಗೆ ಹೋಗಿದ್ದು ಇವಳಮ್ಮಾ," ಎಂದು ಅವರು ದುಂಡಗಿದ್ದ ಹೆಂಡತಿಯನ್ನು ತೋರಿಸಿ ನಕ್ಕರು. "ಇಳಿದಿದ್ದು ನಾನು." ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ. ನಿಂತ ಮೇಲೆ ಎದೆ ಮುಟ್ಟಿ ತೋರಿಸಿದರು. "ಗಣಿ ಕೆಳಗೆ ತಿಂದ ದೂಳು ಮಾ. ಇಲ್ಲೇ ಕೂತಿದೆ. ಅದು ಊಟ ಮಾಡೋಕೆ ಬಿಡಲ್ಲ."

ಆಕೆ ಇಡ್ಲಿಯನ್ನೂ ಮಟನ್ ಕೊಳಂಬನ್ನೂ ತಂದಿಟ್ಟು, "ಸಾಪ್ಪಿಡುಂಗ. ನಮ್ಮ ಮನೇಲಿ ಉಣ್ಣೋರಿಲ್ಲ" ಎಂದರು. ಅತ್ತೆ ಅವತ್ತು ಒಂದು ಸಲವೂ ಬೇಡವೆನ್ನಲಿಲ್ಲ, ಹಾಕಿದಷ್ಟನ್ನೂ ಉಂಡಳು. ನಾವೂ ಉಂಡೆವು. ಆ ಹೆಂಗಸು ನಮ್ಮ ಎದುರಿಗೆ ಕೂತು, ನಾವು ಉಣ್ಣುವುದನ್ನು ನೋಡುತ್ತಿದ್ದರು. ವಾಪಸಾಗುವಾಗ ರೈಲಿನಲ್ಲಿ ನನಗೆ ಬಹಳ ದುಃಖವಾಗಿತ್ತು, ಹೊಟ್ಟೆಯೂ ಬಹಳ ತುಂಬಿತ್ತು.

ಕೊನೆಯ ಮನೆ ಊರಿಗಾಂನಲ್ಲಿ. ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಮೇಷ್ಟ್ರು, ಒಬ್ಬಳು ಮಗಳು. ಎರಡು ವರ್ಷದ ಹಿಂದೆ ಮೂವರೂ ಟೀಚರಮ್ಮನ ಆಷಾಢದ ಶಿಬಿರಕ್ಕೆ ಹೋಗಿದ್ದರು. ನಾವು ಹೋದಾಗ ಮಧ್ಯಾಹ್ನ, ಒಳಗಿನಿಂದ ಹುರುಳಿ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವರು ಬಹಳ ಪ್ರೀತಿಯಿಂದ ಮಾತಾಡಿಸಿದರು. ಅಪ್ಪನ ಕ್ರೇನಿನ ಬಗ್ಗೆ ಕೇಳಿದರು, ನನ್ನ ಓದಿನ ಬಗ್ಗೆ ಕೇಳಿದರು. ಆಮೇಲೆ ಆಕೆ ಒಳಗೆ ಹೋಗಿ, ಶುಂಠಿ ಕರಿಬೇವು ಹಾಕಿದ ಮಜ್ಜಿಗೆಯನ್ನು ಒಬ್ಬೊಬ್ಬರಿಗೆ ಒಂದೊಂದು ಲೋಟ ಕೊಟ್ಟರು. ನಾವು ಕುಡಿದೆವು. ಇದು ಊಟಕ್ಕೆ ಮುಂಚಿನದು ಎಂದುಕೊಂಡು ಕೂತೇ ಇದ್ದೆವು. ಆಕೆ ಕುಂಕುಮ ತಂದರು. ಹೋಗಿ ಬನ್ನಿ ಎಂದರು.

ಊರಿಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಅತ್ತೆಗೆ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದಿತ್ತು.

"ಮಟಮಟ ಮಧ್ಯಾನ. ಮನೇಲಿ ಸಾರು ಕುದೀತಾ ಐತೆ. ನೀರು ಮಜ್ಗೆ ಕೊಟ್ಟು ಕಳಿಸ್ತಾಳಲ್ಲ, ಅದೂ ಒಂದೇ ಲೋಟ. ಇನ್ನೊಂದ್ ಸ್ವಲ್ಪ ಅಂತ ಬಾಯಿ ಮಾತಿಗಾದ್ರೂ ಅನ್ಲಿಲ್ಲ."

ಅಪ್ಪ ಹಳಿಗಳ ಕಡೆ ನೋಡುತ್ತ ಕೇಳಿದ. "ಅಕ್ಕ, ಆಯಮ್ಮನ ರವಿಕೆ ನೋಡಿದ್ಯಾ?"

"ನೋಡ್ದೆ."

"ಬಿಚ್ಚವ್ರಾ?"

ಅತ್ತೆ ಮೂಗು ಒರೆಸಿಕೊಂಡಳು. ಸುಳ್ಳು ಹೇಳಬಹುದಿತ್ತು, ಆದರೆ ರವಿಕೆಯ ವಿಷಯದಲ್ಲಿ ಅವಳು ಸುಳ್ಳು ಹೇಳುವವಳಲ್ಲ.

"ಇಲ್ಲ. ಒಳಕ್ಕೆ ಇಡ್ಸವ್ರೆ. ಇಡ್ಸಿದ್ದು ಅಂಗೇ ಐತೆ."

"ಅಂಗಾದ್ರೆ ಇದೇ ಸಿಬಿರ," ಎಂದ ಅಪ್ಪ. "ಮನೇಗ್ ಬಂದೋರ್ಗೆ ಒಂದು ಲೋಟ ಮಜ್ಗೆ ಕೊಟ್ಟು ಓಗ್ಬನ್ನಿ ಅನ್ನೋ ದೈರ್ಯ ಆ ಟೀಚರಮ್ಮ ಕಲಿಸವ್ರೆ ಅಂದ್ರೆ ಸಾಮಾನ್ಯ ಅಲ್ಲ. ಅದು ಎಲ್ಡು ವರ್ಸ ಆದ್ರೂ ಅವ್ರ್ನ ಬಿಟ್ಟಿಲ್ಲ ನೋಡು."

ಅತ್ತೆ ಒಪ್ಪಲಿಲ್ಲ. ಒಪ್ಪದೆಯೇ ಆಷಾಢದ ಮೊದಲ ದಿನ ಚಾಪೆ ಸುತ್ತಿಕೊಂಡು ನಮ್ಮ ಜೊತೆ ಬಂದಳು.

ಟೀಚರಮ್ಮ ಆಷಾಢವನ್ನು ಆರಿಸಿಕೊಂಡದ್ದು ಬುದ್ಧಿವಂತಿಕೆ. ಮದುವೆಯಿಲ್ಲ, ಮುಂಜಿಯಿಲ್ಲ, ಯಾರ ಮನೆಯಲ್ಲೂ ಎಲೆ ಹಾಕುವುದಿಲ್ಲ. ಮೊದಲು ನಡಿಗೆ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬುಡದವರೆಗೆ ಹೋಗಿ ಬರುವುದು. ಗಾಳಿ ಬಂದರೆ ದಿಬ್ಬದ ದೂಳು ಮುಖಕ್ಕೆಲ್ಲ ಮೆತ್ತಿ ನಾವು ನಾಲ್ವರೂ ಹಿಟ್ಟಿನ ಗಿರಣಿಯಿಂದ ಬಂದವರಂತೆ ಕಾಣುತ್ತಿದ್ದೆವು. ಆಮೇಲೆ ಕೈಕಾಲು ಬಗ್ಗಿಸುವುದು. ಅದೆಲ್ಲ ಮಾಡಬಹುದಿತ್ತು. ಕಷ್ಟವಿದ್ದದ್ದು ಕೊನೆಯ ಅರ್ಧ ಗಂಟೆ. ಮನೆಯಿಂದ ತಂದ ಊಟವನ್ನು ಅಲ್ಲೇ ಬಡಿಸಬೇಕು. ಒಬ್ಬರು ಬಡಿಸುವುದು, ಒಬ್ಬರು ಉಣ್ಣುವುದು. ನಿಯಮ ಒಂದೇ. ಉಣ್ಣುವವರು ಸಾಕು ಎಂದ ಮೊದಲ ಸಲಕ್ಕೇ ಬಡಿಸುವವರ ಕೈ ನಿಲ್ಲಬೇಕು.

ಎಲ್ಲರೂ ಒಂದೆರಡು ದಿನದಲ್ಲಿ ಕಲಿತರು. ಅತ್ತೆಗೆ ಮಾತ್ರ ಬರಲಿಲ್ಲ. ಅಪ್ಪ ಸಾಕು ಎನ್ನುವಷ್ಟರಲ್ಲಿ ಸೌಟು ತಾನಾಗಿ ಇಳಿದಿರುತ್ತಿತ್ತು. ಟೀಚರಮ್ಮ ಅವಳ ಹಿಂದೆಯೇ ಬಂದು ನಿಲ್ಲುತ್ತಿದ್ದರು. ಅತ್ತೆ ಅವರು ಅತ್ತ ಹೋಗುವುದನ್ನು ಕಾದು ಸಾರಿನ ಕೆಳಗೆ ಮುದ್ದೆಯ ತುಂಡು ಮುಚ್ಚಿಡುತ್ತಿದ್ದಳು. ಪರೀಕ್ಷೆಯಲ್ಲಿ ಚೀಟಿ ಇಡುವವರೂ ಅಷ್ಟು ಚೆನ್ನಾಗಿ ಇಡಲಾರರು. ಒಂದು ಸಂಜೆ ಸಿಕ್ಕಿಬಿದ್ದಳು.

"ಅಮ್ಮಾ, ಅವರು ಸಾಕು ಅಂದರು," ಎಂದರು ಟೀಚರಮ್ಮ.

"ಅಂತಾನೆ. ಇವ್ನ ಸಾಕು ನಂಬಬಾರ್ದು ಮೇಡಂ."

"ಯಾಕೆ ನಂಬಬಾರದು?"

ಅತ್ತೆ ಸೌಟನ್ನು ಪಾತ್ರೆಗೆ ಇಳಿಸಿದಳು. ಎಲ್ಲರ ಮುಂದೆ ಹೇಳುವ ಮಾತಲ್ಲವೆಂದು ಅವಳಿಗೆ ಅನ್ನಿಸಿರಬೇಕು, ಆದರೂ ಹೇಳಿದಳು.

"ನಮ್ಮವ್ವ ತೀರ್ಕಂಡ ವರ್ಸ ಮನೇಲಿ ಏನೂ ಇರ್ಲಿಲ್ಲ. ಒಂದು ಮುದ್ದೆ ಮಾಡಿದ್ರೆ ಇಬ್ರಿಗೆ. ಇವ್ನು ಇಷ್ಟುದ್ದ ಇದ್ದ. ಎಲ್ಡು ತುತ್ತು ತಿನ್ನೋನು, ಸಾಕಕ್ಕ, ಒಟ್ಟೆ ತುಂಬ್ತು ಅನ್ನೋನು. ನಾನು ಉಣ್ಲಿ ಅಂತ. ರಾತ್ರಿಯೆಲ್ಲ ಒಟ್ಟೆ ಇಡ್ಕಂಡು ಒದ್ದಾಡೋನು. ಅವತ್ತಿಂದ ನಾನು ಇವ್ನ ಸಾಕು ನಂಬಿಲ್ಲ."

ಅಪ್ಪ ತಲೆ ತಗ್ಗಿಸಿ ಕೂತಿದ್ದ. ಈ ಕತೆ ಅಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅತ್ತೆಯ ಸೌಟಿನ ಬಗ್ಗೆ ನಾನು ಆಡಿಕೊಂಡು ನಕ್ಕದ್ದಕ್ಕೆ ಲೆಕ್ಕವಿಲ್ಲ. ಆ ಕ್ಷಣ ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ನಮ್ಮ ಮನೆಯಲ್ಲಿ ಅದು ರೂಢಿಯಿರಲಿಲ್ಲವಾದ್ದರಿಂದ ನೀರಿನ ಚೊಂಬನ್ನು ಅವಳ ಕಡೆ ಸರಿಸಿದೆ.

"ಈಗ ಸುಳ್ಳಲ್ಲಕ್ಕ," ಎಂದ ಅಪ್ಪ. "ದಿಟವಾಗ್ಲೂ ಸಾಕು."

ಅವತ್ತಿನಿಂದ ಅತ್ತೆ ಕಲಿತಳು ಎಂದರೆ ಸುಳ್ಳಾಗುತ್ತದೆ. ಅವತ್ತಿನಿಂದ ಪ್ರಯತ್ನ ಮಾಡಿದಳು. ಆಷಾಢ ಮುಗಿಯುವ ಹೊತ್ತಿಗೆ ಅಪ್ಪ ಏಣಿಯ ನಡುವೆ ನಿಲ್ಲದೆ ಹತ್ತುತ್ತಿದ್ದ. ಆದರೆ ನಿಜವಾದ ಪರೀಕ್ಷೆ ಇದ್ದದ್ದು ಶ್ರಾವಣದಲ್ಲಿ. ಹಬ್ಬದ ಹಿಂದೆ ಹಬ್ಬ, ಹೋಳಿಗೆ, ಕಡುಬು, ಪಾಯಸ, ಮನೆ ತುಂಬ ಬರುವ ಹೋಗುವ ನೆಂಟರು. ವರಮಹಾಲಕ್ಷ್ಮಿ ಹಬ್ಬದ ದಿನ ಅಪ್ಪ ಒಂದು ಹೋಳಿಗೆ ಮುಗಿಸಿ ಸಾಕು ಎಂದ. ಅತ್ತೆ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತಳು, ಕಣ್ಣೊರೆಸಿಕೊಂಡು ಬಂದು ಆ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದಳು. ಈಗಲೂ ನಾನು ತೆಳ್ಳಗಿಲ್ಲ, ಆ ವಿಷಯಕ್ಕೆ ಯಾರೂ ಬರಬೇಡಿ.

ಗಣೇಶನ ಹಬ್ಬ ಕಳೆದ ಮೇಲೆ ಕಾರ್ಖಾನೆಯ ಡಾಕ್ಟರು ಅಪ್ಪನನ್ನು ಮತ್ತೆ ತೂಗಿದರು, ಎದೆ ನೋಡಿದರು, ಎರಡು ಸಲ ಏಣಿ ಹತ್ತಿಸಿ ಇಳಿಸಿದರು. ಕ್ರೇನ್ ನಡೆಸಬಹುದು ಎಂದರು. ಅಪ್ಪ ಸಂಜೆ ಬಂದು ಈ ಸುದ್ದಿ ಹೇಳಿದಾಗ ಅಮ್ಮ ದೇವರಿಗೆ ದೀಪ ಹಚ್ಚಿದಳು. ಅತ್ತೆ ಮಾತ್ರ ಅವನ ಸಡಿಲವಾದ ಕಾಲರನ್ನು ಮುಟ್ಟಿ ನೋಡಿ, "ಎಂಗ್ ಸೊರಗೋಗವ್ನೆ ನೋಡು" ಎಂದು ಗೊಣಗಿದಳು.

ಆಯುಧ ಪೂಜೆಯ ದಿನ ಕಾರ್ಖಾನೆಗೆ ಮನೆಯವರನ್ನೆಲ್ಲ ಒಳಗೆ ಬಿಡುತ್ತಿದ್ದರು. ಅತ್ತೆ ಯಾವ ವರ್ಷವೂ ಬಂದವಳಲ್ಲ, ಹಬ್ಬದ ಅಡುಗೆ ಯಾರು ಮಾಡಬೇಕು ಎನ್ನುತ್ತಿದ್ದಳು. ಆ ವರ್ಷ ತಾನೇ ಹೊರಟಳು. ಶೆಡ್ಡಿನೊಳಗೆ ಯಂತ್ರಗಳಿಗೆಲ್ಲ ಬಾಳೆಕಂದು, ಚೆಂಡುಹೂವು. ಅಪ್ಪ ಹೊಸ ಅಂಗಿ ತೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಏಣಿ ಹತ್ತಿ ಹೋದ. ಎಲ್ಲೂ ನಿಲ್ಲಲಿಲ್ಲ. ಕ್ರೇನು ಗುಡುಗುತ್ತ ನಮ್ಮ ತಲೆಯ ಮೇಲಿನಿಂದ ಆ ಕೊನೆಯವರೆಗೆ ಹೋಗಿ, ಮತ್ತೆ ಬಂತು. ಗೂಡಿನ ಗಾಜಿನ ಹಿಂದಿನಿಂದ ಅವನು ಕೈ ಬೀಸಿದ. ಅಷ್ಟು ದೂರಕ್ಕೆ ಅವನು ತೀರ ಚಿಕ್ಕವನಾಗಿ ಕಾಣುತ್ತಿದ್ದ.

ಅತ್ತೆ ಕೈ ಬೀಸಲಿಲ್ಲ. ನನ್ನ ತೋಳು ಹಿಡಿದುಕೊಂಡು ಮೇಲೆಯೇ ನೋಡುತ್ತಿದ್ದಳು.

"ಅಷ್ಟೆತ್ತರದಾಗೆ ಒಬ್ನೇ ಇರ್ತಾನಾ ದಿನಾ?" ಎಂದು ಕೇಳಿದಳು.

"ಹೂಂ ಅತ್ತೆ."

"ಅಲ್ಲಿ ಅಸಿವಾದ್ರೆ ಯಾರ್ನ ಕೇಳ್ತಾನೆ?"

ಮಧ್ಯಾಹ್ನಕ್ಕೆ ಇಳಿದು ಬರ್ತಾನೆ, ಕೆಳಗೆ ಕ್ಯಾಂಟೀನಿದೆ ಎಂದು ಹೇಳಿದೆ. ಅದು ಅವಳ ಕಿವಿಗೆ ಬೀಳಲಿಲ್ಲ. ಅಪ್ಪ ಏಣಿ ಇಳಿದು ನೆಲ ಮುಟ್ಟುವವರೆಗೂ ಅವಳು ಕತ್ತೆತ್ತಿಕೊಂಡೇ ನಿಂತಿದ್ದಳು.